ಹೊಟ್ಟೆ ಕೊಯ್ಯಬೇಕಾ, ತೂತು ಸಾಕಾ? ಕರುಳಿನ ಕ್ಯಾನ್ಸರ್ ಆಪರೇಷನ್ ಬಂದ ದಾರಿ

ಅಡಿಕೆ ಮರ ಹತ್ತುವ ಕೊನೆಗೌಡನಿಗೆ ಕರುಳಿನ ಕ್ಯಾನ್ಸರ್ ಅಂತ ಗೊತ್ತಾದರೆ ಮನೆಯವರು ಮೊದಲು ಕೇಳುವುದು ಜೀವದ ಬಗ್ಗೆ. ಆಮೇಲೆ, ಮತ್ತೆ ಮರ ಹತ್ತಬಹುದಾ ಅಂತ. ಈಗ ಇನ್ನೊಂದು ಪ್ರಶ್ನೆ ಸೇರಿದೆ: ಹೊಟ್ಟೆ ಕೊಯ್ಯಬೇಕಾ, ತೂತು ಹಾಕಿದರೆ ಸಾಕಾ? ಶಿವಮೊಗ್ಗದಲ್ಲಿ ಒಂದು ಮಾತು, ಮಣಿಪಾಲದಲ್ಲೋ ಬೆಂಗಳೂರಲ್ಲೋ ಇನ್ನೊಂದು ಮಾತು ಕೇಳಿದರೆ ಯಾರಿಗಾದರೂ ಗಾಬರಿ ಆಗುತ್ತದೆ, ಅಲ್ವಾ?

ಇಪ್ಪತ್ತನೇ ಶತಮಾನದ ಬಹುಪಾಲು ದೊಡ್ಡ ಗಾಯದ ಕಾಲ. 1980ರ ದಶಕದಲ್ಲಿ ಅಪೆಂಡಿಕ್ಸ್, ಪಿತ್ತಕೋಶಗಳಿಗೆ ತೂತಿನ ಆಪರೇಷನ್, ಅಂದರೆ ಲ್ಯಾಪರೊಸ್ಕೋಪಿ ಬಂತು. 1990ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹಮ್ಟನ್ ಉದ್ವಾಡಿಯಾ ಪಿತ್ತಕೋಶವನ್ನು ಹೀಗೆ ತೆಗೆದರು. ಮರುವರ್ಷ ದೊಡ್ಡ ಕರುಳಿಗೂ ಹೀಗೆ ಆಪರೇಷನ್ ಮಾಡಿದ ವರದಿ ಅಮೆರಿಕದಿಂದ ಬಂತು.

ತಕರಾರು ಹುಟ್ಟಿದ್ದು ಆಮೇಲೆ. ಹೊಟ್ಟೆಗೆ ಗ್ಯಾಸ್ ತುಂಬಿ, ಕ್ಯಾಮೆರಾ ಇಳಿಸಿ, ಕರುಳಿನ ತುಂಡನ್ನು ಬಿಡಿಸುತ್ತಾರೆ. ಅದನ್ನು ಹೊರಗೆ ತೆಗೆಯಲು ಒಂದು ಗಾಯ ಮಾತ್ರ ಸ್ವಲ್ಪ ದೊಡ್ಡದು ಬೇಕು. ಕೆಲವರಿಗೆ ತೂತು ಹಾಕಿದ ಜಾಗದಲ್ಲೇ ಗಡ್ಡೆ ಮತ್ತೆ ಬಂತು. 1994ರ ಒಂದು ವರದಿಯಲ್ಲಿ 14 ಜನರಲ್ಲಿ 3 ಮಂದಿಗೆ! ಕ್ಯಾನ್ಸರ್ ಕಣ ಚೆಲ್ಲಿಹೋಗುತ್ತಿದೆಯಾ ಎಂಬ ಭಯಕ್ಕೆ ಬಹಳ ವೈದ್ಯರು ಕೈ ಹಿಂದೆಗೆದರು. ಆ ಭಯ ಸುಮ್ನೆ ಹುಟ್ಟಿದ್ದಲ್ಲ.

ಉತ್ತರ ಸಿಕ್ಕಿದ್ದು 2004ರಲ್ಲಿ. ಉತ್ತರ ಅಮೆರಿಕದ 48 ಆಸ್ಪತ್ರೆಗಳಲ್ಲಿ 872 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹೊಟ್ಟೆ ಕೊಯ್ದು, ಇನ್ನೊಂದಕ್ಕೆ ತೂತು ಹಾಕಿ ನೋಡಿದರು. ಕ್ಯಾನ್ಸರ್ ಮರುಕಳಿಸಿದ್ದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಗಾಯದಲ್ಲಿ ಮರಳಿ ಬಂದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ತೂತಿನ ಆಪರೇಷನ್ ಆದವರು ಒಂದು ದಿನ ಬೇಗ ಮನೆಗೆ ಹೋದರು, ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಆದರೆ ಅಲ್ಲಿ ಕತ್ತರಿ ಹಿಡಿದವರು ಅದಕ್ಕೂ ಮೊದಲು ಕನಿಷ್ಠ 20 ಇಂಥ ಆಪರೇಷನ್ ಮಾಡಿದವರು. ಈ ಮಾತನ್ನು ಯಾರೂ ಜೋರಾಗಿ ಹೇಳುವುದಿಲ್ಲ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ.

ದೊಡ್ಡ ಕರುಳಿನ ಕೊನೆಯ ಭಾಗವಾದ ಗುದನಾಳದ ಕಥೆ ಇನ್ನೂ ಸಿಕ್ಕು. ಸೊಂಟದ ಮೂಳೆಗಳ ನಡುವೆ ಜಾಗ ಇಕ್ಕಟ್ಟು. 2015ರಲ್ಲಿ ಒಂದು ಅಧ್ಯಯನ ಎರಡೂ ಸಮ ಅಂದಿತು, ಇನ್ನೆರಡು ಹಾಗೆ ಹೇಳಲಾಗದು ಅಂದವು. 2017ರ ಒಂದು ಅಧ್ಯಯನದಲ್ಲಿ, ರೋಬೋಟ್ ಕೈಗಳಿಂದ ತೂತಿನ ಆಪರೇಷನ್ ಮಾಡಿದರೂ ಎದ್ದು ಕಾಣುವ ಲಾಭ ಸಿಗಲಿಲ್ಲ.

ನಮ್ಮ ಕಡೆ ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂತ ಮನೆಮದ್ದಿನಲ್ಲೇ ತಿಂಗಳುಗಳು ಕಳೆಯುತ್ತವೆ. ಕರುಳು ಕಟ್ಟಿ, ಹೊಟ್ಟೆ ಉಬ್ಬಿಸಿಕೊಂಡು ಬಂದವರಿಗೆ ಹೆಚ್ಚಾಗಿ ಹೊಟ್ಟೆ ಕೊಯ್ಯಲೇಬೇಕಾಗುತ್ತದೆ. ಗುದನಾಳದ ಗಡ್ಡೆ ಎಷ್ಟೋ ಸಲ ವೈದ್ಯರ ಬೆರಳಿಗೇ ಸಿಗುತ್ತದೆ. ಆ ಪರೀಕ್ಷೆಗೆ ಎರಡು ನಿಮಿಷ ಸಾಕು. ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಇರುವವರು ಅದಕ್ಕಾಗಿ ಘಾಟಿ ಇಳಿಯಬೇಕಿಲ್ಲ.