ಅಂತರ್‌ಶಿಸ್ತೀಯ ಪಿಎಚ್‌ಡಿಯ ಅರ್ಹತಾ ಪರೀಕ್ಷೆ: ಪಟ್ಟಿಯಲ್ಲಿರುವುದನ್ನೆಲ್ಲ ಓದಲೇಬೇಕೇ?

ಪ್ರಶ್ನೆ: ಮೂರು ವಿಭಾಗಗಳು ಸೇರಿ ನಡೆಸುವ ಪಿಎಚ್‌ಡಿ ಕಾರ್ಯಕ್ರಮದಲ್ಲಿ ಎರಡನೆಯ ವರ್ಷದಲ್ಲಿದ್ದೇನೆ. ಪ್ರಬಂಧದ ಸಂಶೋಧನೆಗೆ ಮುಂದುವರಿಯಲು ತೇರ್ಗಡೆಯಾಗಬೇಕಾದ ಅರ್ಹತಾ ಪರೀಕ್ಷೆಗೆ ಆರು ತಿಂಗಳು ಉಳಿದಿದೆ. ಸಮಿತಿಯ ಮೂವರು ಸದಸ್ಯರು ಕೊಟ್ಟಿರುವ ಓದುಪಟ್ಟಿಗಳನ್ನು ಕೂಡಿಸಿದರೆ 150ಕ್ಕೂ ಹೆಚ್ಚು ಪುಸ್ತಕ ಮತ್ತು ಲೇಖನಗಳಾಗುತ್ತವೆ. ಇಷ್ಟನ್ನೂ ಓದದೆ ತೇರ್ಗಡೆಯಾಗಲು ಸಾಧ್ಯವೇ?

ಉತ್ತರ: ಸಾಧ್ಯವಿದೆ. ಆದರೆ ಯಾವುದನ್ನು ಪೂರ್ತಿ ಓದಬೇಕು, ಯಾವುದರ ವಾದವನ್ನಷ್ಟೇ ತಿಳಿದಿದ್ದರೆ ಸಾಕು ಎಂಬುದನ್ನು ನೀವೊಬ್ಬರೇ ನಿರ್ಧರಿಸಬೇಡಿ. ಒಂದೇ ವಿಭಾಗದೊಳಗಿನ ವಿದ್ಯಾರ್ಥಿಗೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಸಿಗುತ್ತವೆ, ಏನನ್ನು ತಿಳಿದಿರಬೇಕೆಂಬ ಬಗ್ಗೆ ಪರೀಕ್ಷಕರಲ್ಲಿಯೂ ಬಹುಮಟ್ಟಿಗೆ ಒಮ್ಮತವಿರುತ್ತದೆ. ನಿಮ್ಮ ಸಮಿತಿಯಲ್ಲಿ ಆ ಒಮ್ಮತವನ್ನು ನಿರೀಕ್ಷಿಸುವಂತಿಲ್ಲ. ಪ್ರತಿಯೊಬ್ಬರಿಗೂ ತಮ್ಮ ಪಟ್ಟಿಯೇ ಕನಿಷ್ಠವೆಂದು ತೋರುತ್ತದೆ. ಮೂರು ಕನಿಷ್ಠಗಳ ಮೊತ್ತ ನಿಮ್ಮ ಪಾಲಿಗೆ ಬಂದಿದೆ.

ನನ್ನ ದೃಷ್ಟಿಯಲ್ಲಿ ಇಂಥ ಪರೀಕ್ಷೆಯ ನಿಜವಾದ ಕಷ್ಟ ಪಟ್ಟಿಯ ಉದ್ದದಲ್ಲಿಲ್ಲ; ಯಾವುದನ್ನು ಪುರಾವೆಯೆಂದು ಒಪ್ಪಬೇಕು ಎಂಬ ವಿಷಯದಲ್ಲಿ ಪರೀಕ್ಷಕರು ಬೇರೆ ಬೇರೆ ಅಳತೆಗೋಲು ಹಿಡಿದಿರುತ್ತಾರೆ ಎಂಬುದರಲ್ಲಿದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಹರಡಿದಾಗ ವೈದ್ಯ ಜಾನ್ ಸ್ನೋ ಸಾವುಗಳ ವಿವರ ಕಲೆಹಾಕಿ, ರೋಗದ ಮೂಲವೆಂದು ಅಲ್ಲಿನ ನೀರಿನ ಪಂಪಿನ ಕಡೆ ಬೆರಳು ತೋರಿಸಿದ, ಆ ಸಾವುಗಳನ್ನು ನಕ್ಷೆಯಲ್ಲೂ ಗುರುತಿಸಿದ ಪ್ರಸಂಗ ಪ್ರಸಿದ್ಧವಾದದ್ದು. ಇದೊಂದನ್ನೇ ಮೂವರು ಪರೀಕ್ಷಕರ ಮುಂದಿಟ್ಟು ನೋಡಿ. ಸಾಂಕ್ರಾಮಿಕ ರೋಗಶಾಸ್ತ್ರದವರು ನಕ್ಷೆಯನ್ನು ಬದಿಗಿಟ್ಟು, ಹೋಲಿಕೆಗೆ ಯಾವ ಗುಂಪಿದೆ ಎಂದು ಕೇಳುತ್ತಾರೆ. ಥೇಮ್ಸ್ ನದಿಯ ಕಲುಷಿತ ಭಾಗದಿಂದ ನೀರೆತ್ತುತ್ತಿದ್ದ ಕಂಪನಿಯ ಗ್ರಾಹಕರನ್ನೂ, ನೀರೆತ್ತುವ ಜಾಗವನ್ನು 1852ರಲ್ಲಿ ಮೇಲ್ಹರಿವಿಗೆ ಸ್ಥಳಾಂತರಿಸಿದ್ದ ಇನ್ನೊಂದು ಕಂಪನಿಯ ಗ್ರಾಹಕರನ್ನೂ ಸ್ನೋ ಹೋಲಿಸಿದ್ದೇ ಅವರಿಗೆ ಹೆಚ್ಚು ಗಟ್ಟಿಯಾದ ಆಧಾರ. ಭೂಗೋಳಶಾಸ್ತ್ರದವರಿಗೆ ನಕ್ಷೆಯೇ ಮುಖ್ಯ, ಆದರೆ ಸಾವುಗಳು ಒಂದೆಡೆ ಗುಂಪುಗೂಡಿದ್ದಕ್ಕೆ ಅಲ್ಲಿನ ಜನಸಾಂದ್ರತೆ ಎಷ್ಟು ಕಾರಣ ಎಂದು ಅವರು ಕೆದಕಬಹುದು. ಇತಿಹಾಸದವರೋ, ಯಾರೂ ನೀರು ಸೇದದಂತೆ ಪಂಪಿನ ಹಿಡಿಕೆಯನ್ನು ತೆಗೆಯುವ ಹೊತ್ತಿಗೆ ರೋಗ ಆಗಲೇ ಇಳಿಮುಖವಾಗಿತ್ತಲ್ಲ, ಹಿಡಿಕೆ ತೆಗೆದದ್ದರಿಂದಲೇ ರೋಗ ನಿಂತಿತೆಂಬ ಕಥೆ ಬೆಳೆದದ್ದು ಹೇಗೆ ಎಂದು ಪ್ರಶ್ನಿಸುತ್ತಾರೆ. ಇವುಗಳಲ್ಲಿ ಒಂದಕ್ಕಷ್ಟೇ ಸಿದ್ಧರಾಗಿ ಬಂದವರು, 150 ಶೀರ್ಷಿಕೆಗಳನ್ನು ಓದಿದ್ದರೂ, ಉಳಿದ ಇಬ್ಬರ ಮುಂದೆ ತಡವರಿಸುತ್ತಾರೆ.

ಆದ್ದರಿಂದ ಮೊದಲ ತಿಂಗಳಲ್ಲೇ ಪ್ರತಿಯೊಬ್ಬ ಪರೀಕ್ಷಕರನ್ನು ಪ್ರತ್ಯೇಕವಾಗಿ ಭೇಟಿಯಾಗಿ, ಅವರ ಪಟ್ಟಿಯನ್ನು ಅವರ ಎದುರಿನಲ್ಲೇ ವಿಂಗಡಿಸಿಕೊಳ್ಳಿ: ಸಾಲು ಸಾಲಾಗಿ ಓದಿ ವಿಮರ್ಶಿಸಬೇಕಾದವು ಯಾವುವು, ಮುನ್ನುಡಿ ಹಾಗೂ ಒಂದೆರಡು ಅಧ್ಯಾಯ ಸಾಕಾಗುವವು ಯಾವುವು, ಚರ್ಚೆಯಲ್ಲಿ ಅದರ ಸ್ಥಾನ ಗೊತ್ತಿದ್ದರೆ ಸಾಕೆನ್ನುವವು ಯಾವುವು. ಮಾತುಕತೆಯ ಸಾರವನ್ನು ಅಂದೇ ಇಮೇಲ್‌ನಲ್ಲಿ ಬರೆದು ಅವರಿಗೂ ಗೈಡ್‌ಗೂ ಕಳುಹಿಸಿ. ಇದು ಅತಿಯೆಂದು ಕೆಲವರಿಗೆ ಅನ್ನಿಸಬಹುದು, ಆದರೆ ಸಮಿತಿಯ ಸದಸ್ಯರೊಬ್ಬರು ರಜೆಯ ಮೇಲೆ ಹೋಗಿ ಬೇರೊಬ್ಬರು ಆ ಜಾಗಕ್ಕೆ ಬಂದಾಗ ಆ ಇಮೇಲ್ ಒಂದೇ ನಿಮ್ಮ ರಕ್ಷಣೆ. ಲಿಖಿತ ಪರೀಕ್ಷೆ ಕೊಠಡಿಯಲ್ಲೋ ಮನೆಯಲ್ಲೋ, ಎಷ್ಟು ಅವಧಿ, ಮೌಖಿಕ ಪರೀಕ್ಷೆಗೆ ಸಂಶೋಧನಾ ಪ್ರಸ್ತಾವವೂ ಬೇಕೇ ಎಂಬುದನ್ನು ನಿಯಮಾವಳಿಯಲ್ಲೇ ನೋಡಿಕೊಳ್ಳಿ. ಹಿರಿಯ ವಿದ್ಯಾರ್ಥಿಗಳ ಮಾತನ್ನೇ ನಂಬಿ ಕೂರಬೇಡಿ.

ಟಿಪ್ಪಣಿಗಳನ್ನು ಪುಸ್ತಕವಾರು ಬರೆಯುವ ಬದಲು ಪ್ರಶ್ನೆವಾರು ಬರೆಯುವುದು ಲೇಸು. ಒಂದು ಪ್ರಶ್ನೆಯ ಕೆಳಗೆ ಮೂರೂ ಶಿಸ್ತುಗಳ ಉತ್ತರ ಎದುರುಬದುರಾದಾಗ, ಅವು ಎಲ್ಲಿ ಒಪ್ಪುತ್ತವೆ, ಎಲ್ಲಿ ಒಂದೇ ಪದವನ್ನು ಬೇರೆ ಅರ್ಥದಲ್ಲಿ ಬಳಸುತ್ತಿವೆ ಎಂಬುದು ಕಾಣತೊಡಗುತ್ತದೆ. ‘ಮಾಡೆಲ್’ ಎಂದರೆ ಸಂಖ್ಯಾಶಾಸ್ತ್ರದಲ್ಲಿ ಸಮೀಕರಣ, ಜೀವಶಾಸ್ತ್ರದಲ್ಲಿ ಎಷ್ಟೋ ಸಲ ಪ್ರಯೋಗಕ್ಕೆ ಬಳಸುವ ಇಲಿ ಅಥವಾ ಹಣ್ಣುನೊಣ. ಕನ್ನಡದಲ್ಲಂತೂ ಮಾಡೆಲ್‌ಗೂ ಸ್ಯಾಂಪಲ್‌ಗೂ ‘ಮಾದರಿ’ ಎಂದೇ ಹೇಳಿಬಿಡುವುದರಿಂದ ಗೊಂದಲ ಇನ್ನೊಂದು ಪಟ್ಟು ಹೆಚ್ಚು. ಇಂಥ ಪದಗಳ ಒಂದು ಪುಟದ ಪಟ್ಟಿ ಮಾಡಿಟ್ಟುಕೊಂಡು, ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಉತ್ತರಿಸುವ ಮೊದಲು ‘ಈ ಪದವನ್ನು ನಾನು ಇಂಥ ಅರ್ಥದಲ್ಲಿ ಬಳಸುತ್ತಿದ್ದೇನೆ’ ಎಂದು ಹೇಳುವುದನ್ನು ರೂಢಿಸಿಕೊಳ್ಳಿ.

ಕೊನೆಯ ಎರಡು ತಿಂಗಳು ಹೊಸ ಓದನ್ನು ಬಹುತೇಕ ನಿಲ್ಲಿಸಿ, ಗಡಿಯಾರ ಇಟ್ಟುಕೊಂಡು ಉತ್ತರ ಬರೆಯಿರಿ. ಅಣಕು ವೈವಾಗೆ ನಿಮ್ಮ ವಿಷಯ ತಿಳಿದ ಗೆಳೆಯರಿಗಿಂತ ಬೇರೆ ವಿಭಾಗದವರು ಹೆಚ್ಚು ಉಪಯುಕ್ತ, ಏಕೆಂದರೆ ನೀವು ವಿವರಿಸದೆ ಬಿಟ್ಟದ್ದನ್ನು ಅವರು ಊಹಿಸಿಕೊಳ್ಳಲಾರರು. ಇಬ್ಬರು ಪರೀಕ್ಷಕರು ನಿಮ್ಮ ಮುಂದೆಯೇ ಪರಸ್ಪರ ಭಿನ್ನಾಭಿಪ್ರಾಯಕ್ಕಿಳಿಯುವುದೂ ಉಂಟು. ಆಗ ಯಾರನ್ನೂ ಮೆಚ್ಚಿಸಲು ಹೋಗದೆ, ಆ ಭೇದ ಎಲ್ಲಿಂದ ಹುಟ್ಟುತ್ತದೆಂದು ಹೇಳಿ, ನಿಮ್ಮ ಸಂಶೋಧನೆಗೆ ಯಾವ ನಿಲುವು ಏಕೆ ಬೇಕೆಂಬುದನ್ನು ತಿಳಿಸಿ.

ಫಲಿತಾಂಶ ತೇರ್ಗಡೆ ಅಥವಾ ಅನುತ್ತೀರ್ಣ ಎಂಬ ಎರಡಕ್ಕೇ ಸೀಮಿತವಲ್ಲ. ಒಂದು ಭಾಗವನ್ನು ಮಾತ್ರ ಮತ್ತೆ ಬರೆಯುವ ಷರತ್ತಿನ ತೇರ್ಗಡೆಯೂ ಅನೇಕ ಕಡೆ ಇದೆ, ಎರಡನೆಯ ಅವಕಾಶವೂ ಸಾಮಾನ್ಯವಾಗಿ ಇರುತ್ತದೆ. ಮತ್ತೆ ಬರೆಯಬೇಕಾಗಿ ಬಂದರೆ ಸಮಿತಿಯ ಆಕ್ಷೇಪಗಳನ್ನು ಲಿಖಿತವಾಗಿ ಕೇಳಿ ಪಡೆಯಿರಿ, ಅದರಲ್ಲಿ ಯಾವ ಆಕ್ಷೇಪ ಯಾರದೆಂಬುದನ್ನೂ ಕೇಳಿ ತಿಳಿದುಕೊಳ್ಳಿ.