ಐದು ತುಂಬಿದ ಮಗಳನ್ನು ಇನ್ನೊಂದು ವರ್ಷ ಅಂಗನವಾಡಿಯಲ್ಲೇ ಬಿಡಬಹುದೇ?

ಪ್ರಶ್ನೆ: ನಮ್ಮ ಮಗಳಿಗೆ ಡೌನ್ ಸಿಂಡ್ರೋಮ್ ಇದೆ. ಜೂನ್‌ನಲ್ಲಿ ಶಾಲೆ ತೆರೆಯುವಾಗ ಐದು ತುಂಬಿರುತ್ತದೆ. ಮಾತು ಇನ್ನೂ ಒಂದೊಂದೇ ಪದ. ಮನೆಮಾತು ತುಳು, ಊರು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತು. ಈಗಲೇ ಒಂದನೆಯ ತರಗತಿಗೆ ಸೇರಿಸಲೇಬೇಕೇ?

ಉತ್ತರ: ಬೇಕಿಲ್ಲ. ಅಂಗನವಾಡಿ ಇರುವುದೇ ಆರು ವರ್ಷದವರೆಗಿನ ಮಕ್ಕಳಿಗೆ. ಐದಕ್ಕೇ ಶಾಲೆಗೆ ಸೇರಿಸುವುದು ಕೇರಳದಲ್ಲಿ ಬಹುಕಾಲದಿಂದ ಬಂದ ರೂಢಿ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ ಶುರುವಾಗುವುದು ಮಾತ್ರ ಆರರಿಂದ. ನಡುವಿನ ಆ ವರ್ಷ ನಿಮ್ಮದು, ಅದಕ್ಕೆ ಯಾರ ಕೃಪೆಯೂ ಬೇಡ. ಆದರೆ ಆರು ದಾಟಿದ ಮೇಲೆ ಹಿಡಿದಿಟ್ಟುಕೊಳ್ಳಬೇಡಿ. ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯದ ಪ್ರಮಾಣಪತ್ರವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ, ಇಲ್ಲವೇ ಬಯಸಿದ ವಿಶೇಷ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೊಟ್ಟಿದೆ.

ಇನ್ನು ಆ ವರ್ಷದ ಮಾತು. ಏನೂ ನಡೆಯದ ಅಂಗನವಾಡಿಯಲ್ಲಿ ಒಂದು ವರ್ಷ ಹೆಚ್ಚು ಕೂತರೆ ಮಗುವಿಗೆ ಒಂದು ವರ್ಷ ವಯಸ್ಸಾಗುತ್ತದೆ, ಅಷ್ಟೇ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಆ ದಿನ ಮಗಳನ್ನು ತಪ್ಪಿಸಬೇಡಿ. ಅಲ್ಲಿಂದ ಜಿಲ್ಲಾ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಚೀಟಿ ಕೇಳಿ ಪಡೆಯಿರಿ. ಮೊದಲು ಕಿವಿಯ ಪರೀಕ್ಷೆ ಆಗಲಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕಿವಿ ಮಂದವಾಗಿರುವುದು ಸಾಮಾನ್ಯ. ಕೇಳಿಸದ ಮಗುವಿಗೆ ಮಾತು ಕಲಿಸಲು ಹೊರಡುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ನಮ್ಮ ಕಡೆಯ ನಿಜವಾದ ತೊಡಕು ಭಾಷೆ. ಒಮ್ಮೆ ಇಂಥ ತಪಾಸಣೆಯನ್ನು ಹತ್ತಿರ ನಿಂತು ನೋಡಿದ್ದೆ. ಪಟ್ಟಿ ಹಿಡಿದ ಯುವತಿ ಹುಡುಗನೊಬ್ಬನನ್ನು ಮಲಯಾಳದಲ್ಲಿ ಕೇಳಿದಳು: "ವೆಳ್ಳಂ ಎವಿಡೆ?" ಹುಡುಗ ಅವಳ ಬಳೆಗಳನ್ನೇ ನೋಡುತ್ತ ಕುಳಿತಿದ್ದ. ಪಟ್ಟಿಯಲ್ಲಿ ಒಂದು ಅಡ್ಡಗೆರೆ ಬಿತ್ತು. ಹಿಂದಿದ್ದ ಅಜ್ಜಿ ತಡೆಯಲಾರದೆ "ನೀರ್ ಓಲುಂಡು ಮಗಾ?" ಎಂದರು. ಹುಡುಗ ತಟ್ಟನೆ ತಿರುಗಿ ಬಾಟಲಿಗೆ ಬೆರಳು ತೋರಿಸಿದ. ಯುವತಿ ನಕ್ಕು ಗೆರೆಯನ್ನು ತಿದ್ದಿದಳು. ತಪ್ಪು ಅವಳದಲ್ಲ, ಅವಳಿಗೆ ತುಳು ಬಾರದು. ಅಜ್ಜಿ ಸುಮ್ಮನಿದ್ದಿದ್ದರೆ ಆ ಹುಡುಗನ ದಡ್ಡತನ ದಾಖಲೆಯಾಗುತ್ತಿತ್ತು. ಏಳು ಭಾಷೆಗಳ ಸಂಗಮಭೂಮಿ ಎಂದು ವೇದಿಕೆಯಲ್ಲಿ ಬೀಗುವ ನಾವು ಇಂಥ ಕಡೆ ಒಂದನ್ನೇ ಬಳಸುತ್ತೇವೆ.

ಹಾಗಾಗಿ ಮಗಳಿಗೆ ಅರ್ಥವಾಗುವ, ಅವಳು ಆಡುವ ಪದಗಳನ್ನೆಲ್ಲ ತುಳುವಿನಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ತಪಾಸಣೆಗೆ ಒಯ್ಯಿರಿ. ಮಾತಿನ ಅಭ್ಯಾಸವೂ ಮನೆಮಾತಿನಲ್ಲೇ ನಡೆಯಲಿ ಎಂದು ಹೇಳಿ. ಭಾಷೆ ಹೆಚ್ಚಾದರೆ ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲೂ ಮಲಯಾಳವನ್ನೇ ಆಡಿ ಎನ್ನುವವರು ಸಿಕ್ಕೇ ಸಿಗುತ್ತಾರೆ. ತಲೆಯಾಡಿಸಿ ಮನೆಗೆ ಬಂದು ತುಳುವನ್ನೇ ಆಡಿ.

ನಿಮ್ಮ ಪಂಚಾಯತು ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತವಾದ ಪ್ರದೇಶಕ್ಕೆ ಸೇರಿದ್ದು. ಅಲ್ಲೆಲ್ಲ ಬಡ್ಸ್ ಶಾಲೆಯ ಹೆಸರು ಹೇಳುವವರು ಬಹಳ. ಬುದ್ಧಿಮಾಂದ್ಯ ಮಕ್ಕಳಿಗಾಗಿ ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ನೆರವಿನಿಂದ ಪಂಚಾಯತುಗಳು ನಡೆಸುವ ಶಾಲೆಗಳು ಅವು, ಹಲವು ಮನೆಗಳಿಗೆ ಉಸಿರು ಕೊಟ್ಟಿವೆ. ಆದರೂ ಐದು ವರ್ಷದ ಮಗುವನ್ನು ನೇರವಾಗಿ ಅಲ್ಲಿಗೆ ಕಳುಹಿಸುವ ಮೊದಲು, ಓರಗೆಯ ಮಕ್ಕಳ ನಡುವೆ ಒಂದು ಅವಕಾಶ ಕೊಟ್ಟು ನೋಡಿ ಎನ್ನುವವನು ನಾನು.

ಶಾಲೆಗೆ ಸೇರಿಸುವ ಕೆಲವು ತಿಂಗಳ ಮುಂಚೆಯೇ ಬಿ.ಆರ್.ಸಿ.ಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ವಿಶೇಷ ಶಿಕ್ಷಕರನ್ನು ಕಾಣಿರಿ. ಇನ್ನೊಂದು ವಿಷಯ ಹೆಚ್ಚಿನವರ ಕಿವಿಗೆ ಬಿದ್ದಿಲ್ಲ: ಎರಡನೆಯ, ಮೂರನೆಯ ಭಾಷೆಯಿಂದ ವಿನಾಯಿತಿಯನ್ನೂ ಅದೇ 2016ರ ಕಾಯ್ದೆಯ 17ನೆಯ ಸೆಕ್ಷನ್ ಹೆಸರಿಸುತ್ತದೆ. ಕನ್ನಡ ಮಾಧ್ಯಮಕ್ಕೆ ಸೇರಿಸಿದರೆ ನಿಮ್ಮ ಮಗಳಿಗೆ ಮುಂದೆ ಅದು ಬೇಕಾಗಬಹುದು. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ, ಮೊಹರು ಹಾಕಿಸಿದ ಪ್ರತಿಯೊಂದು ನಿಮ್ಮ ಕೈಯಲ್ಲಿರಲಿ.