ವಾಚ್‌ನ ಆಕ್ಸಿಜನ್ ಗ್ರಾಫ್ ನಡುರಾತ್ರಿ ಖಾಲಿ ಬರುವುದು ಯಾಕೆ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ನಾನು ಬೆಂಗಳೂರಿನಲ್ಲಿದ್ದೇನೆ. ಅಪ್ಪಯ್ಯನಿಗೆ ಆಸ್ತಮಾ ಇದೆ ಅಂತ ಆಕ್ಸಿಜನ್ ಅಳೆಯುವ ಸ್ಮಾರ್ಟ್‌ವಾಚ್ ಕೊಡಿಸಿದೆ. ಬೆಳಿಗ್ಗೆ ಎದ್ದು ಆಪ್ ನೋಡಿದರೆ ರಾತ್ರಿ ಒಂದರಿಂದ ನಾಲ್ಕರವರೆಗೆ ಗ್ರಾಫ್ ಖಾಲಿ. ಕೆಲವು ದಿನ ಇಡೀ ರಾತ್ರಿಯದ್ದೇ ಇಲ್ಲ. ಆಕ್ಸಿಜನ್ ಇಳಿದಿದ್ದಕ್ಕೆ ಹೀಗಾಗುತ್ತದಾ? ಅಥವಾ ವಾಚ್ ಹಾಳಾಗಿದೆಯಾ?

ಉತ್ತರ: ಗಾಬರಿ ಬೇಡ. ಆಕ್ಸಿಜನ್ ಇಳಿದರೆ ಗ್ರಾಫ್ ಕೆಳಗೆ ಬರುತ್ತದೆ, ಮಾಯವಾಗುವುದಿಲ್ಲ. ಆಕ್ಸಿಜನ್ ಶೇ. 88 ಇದ್ದರೆ ಅಲ್ಲಿ 88ರ ಆಸುಪಾಸಿನ ಚುಕ್ಕೆ ಇರಬೇಕು. ಖಾಲಿ ಇದೆ ಅಂದರೆ ಆ ಹೊತ್ತಿಗೆ ವಾಚ್ ಅಳೆದೇ ಇಲ್ಲ, ಇಲ್ಲವೇ ಅಳೆಯಲು ಹೋಗಿ ನಂಬುವಂಥ ಸಿಗ್ನಲ್ ಸಿಗದೆ ಕೈಬಿಟ್ಟಿದೆ. ನನ್ನ ಮಟ್ಟಿಗೆ ಇದು ಒಳ್ಳೆಯ ಗುಣ. ಕೈ ಎಷ್ಟು ಆಡಿಸಿದರೂ, ಬೆಲ್ಟ್ ಎಷ್ಟು ಸಡಿಲವಿದ್ದರೂ 98, 97, 98 ಅಂತ ತೋರಿಸುತ್ತಲೇ ಇರುವ ವಾಚ್ ಮೇಲೆ ನನಗೆ ಜಾಸ್ತಿ ಅನುಮಾನ.

ವಾಚ್ ಅಳೆಯುವ ರೀತಿ ಸ್ವಲ್ಪ ಗೊತ್ತಿದ್ದರೆ ಉಳಿದದ್ದು ಸುಲಭ. ಆಕ್ಸಿಜನ್ ತುಂಬಿದ ರಕ್ತ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹೆಚ್ಚು ಹೀರುತ್ತದೆ. ಆಕ್ಸಿಜನ್ ಕಮ್ಮಿಯಾದ ರಕ್ತದಲ್ಲಿ ಇದು ಉಲ್ಟಾ. ಎರಡೂ ಬೆಳಕು ಬಿಟ್ಟು, ನಾಡಿ ಬಡಿದಾಗಲೆಲ್ಲ ಆಗುವ ಸಣ್ಣ ಏರಿಳಿತವನ್ನು ಹೋಲಿಸಿದರೆ ಆಕ್ಸಿಜನ್ ಪ್ರಮಾಣ ಗೊತ್ತಾಗುತ್ತದೆ. ಈ ದಾರಿ ತೋರಿಸಿದವರು ಜಪಾನಿನ ಎಂಜಿನಿಯರ್ ಟಕುವೊ ಅಯೋಯಾಗಿ, 1974ರಲ್ಲಿ. ಕೋವಿಡ್ ಬಂದು ಹಳ್ಳಿ ಮನೆಗಳಿಗೂ ಆಕ್ಸಿಮೀಟರ್ ಕಾಲಿಡುತ್ತಿದ್ದ 2020ರಲ್ಲೇ ಅವರು ತೀರಿಕೊಂಡರು.

ಬೆರಳಿಗೆ ಹಾಕುವ ಕ್ಲಿಪ್‌ನಲ್ಲಿ ಬೆಳಕು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೊರಬರುತ್ತದೆ. ಮಣಿಕಟ್ಟಿನಲ್ಲಿ ಅದು ಆಗದು, ಮಧ್ಯೆ ಮೂಳೆ ಇದೆ. ಹಾಗಾಗಿ ವಾಚ್ ಚರ್ಮದಿಂದ ವಾಪಸ್ ಬಂದ ಚೂರುಪಾರು ಬೆಳಕನ್ನೇ ನಂಬಬೇಕು. ಮಣಿಕಟ್ಟಿನ ಮೇಲ್ಭಾಗದಲ್ಲಿ ಬೆರಳ ತುದಿಯಷ್ಟು ರಕ್ತದ ಓಡಾಟವೂ ಇಲ್ಲ. ಅಂಥದ್ದರಲ್ಲಿ ಕೈ ಅಲುಗಾಡಿದರೆ ಕಥೆ ಮುಗಿಯಿತು. ದೇವಿಮನೆ ಘಟ್ಟದ ತಿರುವಿನಲ್ಲಿ ಬಸ್ಸೊಳಗೆ ನಿಂತು ಸೂಜಿಗೆ ದಾರ ಪೋಣಿಸಿದ ಹಾಗೆ. ಒಂದು ಸಲ ಅಳೆಯಲು ಆಪಲ್ ವಾಚ್‌ಗೆ 15 ಸೆಕೆಂಡ್ ಬೇಕು. ಅಷ್ಟು ಹೊತ್ತು ಕೈ ಸುಮ್ಮನಿರಬೇಕು. ಹಗಲು ಅಡಿಕೆ ಸುಲಿಯಲು ಕೂತವರ ಗ್ರಾಫ್ ಖಾಲಿ ಬಂದರೆ ಆಶ್ಚರ್ಯವೇ ಇಲ್ಲ.

ಈಗ ಅಪ್ಪಯ್ಯನ ವಿಷಯ. ನೀವು ಎರಡು ಥರದ ಖಾಲಿ ಹೇಳಿದ್ದೀರಿ. ಎರಡಕ್ಕೂ ಕಾರಣ ಬೇರೆ ಬೇರೆ ಇರಬಹುದು.

ಒಂದಕ್ಕೆ ನಿಂತು ನಾಲ್ಕಕ್ಕೆ ಮತ್ತೆ ಶುರುವಾದರೆ ಮೊದಲ ಅನುಮಾನ ಕೈಯ ಮೇಲೆ. ಮಗ್ಗುಲಾಗಿ ಮಲಗಿ, ವಾಚ್ ಕಟ್ಟಿದ ಕೈ ತಲೆಯಡಿ ಸಿಕ್ಕಿಕೊಂಡರೆ ಅಲ್ಲಿ ರಕ್ತದ ಹರಿವು ಕಮ್ಮಿಯಾಗುತ್ತದೆ. ನಾಲ್ಕಕ್ಕೆ ಮೂತ್ರಕ್ಕೆ ಎದ್ದು ಬಂದು ಬೇರೆ ಮಗ್ಗುಲಿಗೆ ಮಲಗಿದರೆ ಗ್ರಾಫ್ ವಾಪಸ್ ಬರುತ್ತದೆ. ವಾಚ್ ಇನ್ನೊಂದು ಕೈಗೆ ಕಟ್ಟಿ ನೋಡಲು ಹೇಳಿ. ಆಪ್‌ನಲ್ಲಿ ಯಾವ ಕೈ ಅಂತ ಕೇಳಿದ್ದರೆ ಅದನ್ನೂ ಬದಲಿಸಿ.

ಬೆಲ್ಟ್ ಬಗ್ಗೆ ನಮ್ಮ ಹಿರಿಯರದ್ದು ಒಂದು ಅಭ್ಯಾಸ. ಹಳೇ ಕೀಲಿ ವಾಚಿನ ಹಾಗೆ ಬಳೆಯಂತೆ ಸಡಿಲ ಬಿಡುತ್ತಾರೆ. ಇದಕ್ಕೆ ಅದು ಆಗದು. ಮಣಿಕಟ್ಟಿನ ಗುಬ್ಬಿ ಮೂಳೆಯಿಂದ ಒಂದು ಬೆರಳಿನಷ್ಟು ಮೇಲೆ, ವಾಚ್ ಜಾರದ ಹಾಗೆ ಕಟ್ಟಬೇಕು. ಹಾಗಂತ ಅಚ್ಚು ಬೀಳುವಷ್ಟು ಬಿಗಿ ಬೇಡ. ಬಿಗಿಯಾದರೆ ರಕ್ತ ಅಲ್ಲಿಂದ ಪಕ್ಕಕ್ಕೆ ಸರಿಯುತ್ತದೆ, ಸಿಗ್ನಲ್ ಮತ್ತೂ ಕೆಡುತ್ತದೆ. ಮಲಗುವ ಮುಂಚೆ ವಾಚಿನ ಹಿಂಭಾಗದ ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಲಿ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವವರಿಗೆ ಇದು ಮುಖ್ಯ. ಕಾರವಾರ, ಕುಮಟಾ ಕಡೆಯವರಿಗಂತೂ ಬೆವರೇ ಸಾಕು. ಸೆನ್ಸರ್ ಕೂರುವ ಜಾಗದಲ್ಲಿ ಹಚ್ಚೆ ಇದ್ದರೆ ಅದರ ಶಾಯಿಯೂ ಬೆಳಕನ್ನು ತಡೆಯಬಹುದು. ಆಗ ವಾಚ್ ಇನ್ನೊಂದು ಕೈಗೆ ಹೋಗಬೇಕು, ಬೇರೆ ದಾರಿ ಇಲ್ಲ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕೈ ತಣ್ಣಗಾದರೆ ಚರ್ಮದ ರಕ್ತನಾಳ ಕುಗ್ಗುತ್ತವೆ. ಕೈ ಕಂಬಳಿಯೊಳಗೆ ಇರಲಿ.

ಇಡೀ ರಾತ್ರಿಯದ್ದೇ ಇಲ್ಲ ಅಂದರೆ ನಾನು ಮೊದಲು ಕೇಳುವುದು ಇಷ್ಟೇ: ರಾತ್ರಿ ವಾಚ್ ಎಲ್ಲಿತ್ತು? ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ನಿಮಗೆ ಗೊತ್ತೇ ಇದೆ. ಒಂಬತ್ತಕ್ಕೆ ಕರೆಂಟ್ ಬಂದರೆ ಫೋನು, ವಾಚು ಎಲ್ಲ ಚಾರ್ಜಿಗೆ ಹೋಗುತ್ತವೆ. ಅಪ್ಪಯ್ಯ ಮಲಗುತ್ತಾರೆ. ವಾಚ್ ಮೇಜಿನ ಮೇಲೇ ಬೆಳಗು ಮಾಡುತ್ತದೆ! ಫೋನ್ ಮಾಡಿದಾಗ ಹಿರಿಯರು ಇದನ್ನು ತಾವಾಗಿ ಹೇಳುವುದಿಲ್ಲ. ಬೆಳಿಗ್ಗೆ ಸ್ನಾನ, ಪೂಜೆ, ತಿಂಡಿಯ ಹೊತ್ತಿಗೆ ಚಾರ್ಜಿಗೆ ಹಾಕುವ ರೂಢಿ ಮಾಡಿಸಿ. ಆಕ್ಸಿಜನ್ ಅಳೆಯುವ ಕೆಲಸ ಬ್ಯಾಟರಿ ಜಾಸ್ತಿ ತಿನ್ನುತ್ತದೆ. ಅರ್ಧಂಬರ್ಧ ಚಾರ್ಜಿನಲ್ಲಿ ಮಲಗಿದರೆ ನಡುರಾತ್ರಿ ಬ್ಯಾಟರಿ ಸೇವರ್ ಶುರುವಾಗಿ ಅಳತೆ ನಿಲ್ಲಬಹುದು. ಒಂದಕ್ಕೆ ನಿಂತ ಗ್ರಾಫ್ ಬೆಳಗಿನವರೆಗೂ ಬರದಿದ್ದರೆ ಬ್ಯಾಟರಿ ಎಷ್ಟಿತ್ತು ಅಂತ ನೋಡಿ.

ಆಮೇಲೆ ಸೆಟ್ಟಿಂಗ್. ಸುಮಾರು ವಾಚ್‌ಗಳಲ್ಲಿ ಬಟನ್ ಒತ್ತಿದಾಗ ಮಾತ್ರ, ನಿದ್ದೆಯಲ್ಲಿ ಮಾತ್ರ, ದಿನವಿಡೀ ಅಂತ ಬೇರೆ ಬೇರೆ ಆಯ್ಕೆ ಇರುತ್ತವೆ. ಗಾರ್ಮಿನ್‌ನಲ್ಲಿ ಈ ಮೂರೂ ಇರುವ ಮಾಡೆಲ್‌ಗಳಿವೆ. ಫಿಟ್‌ಬಿಟ್ ನಿದ್ದೆಯದ್ದನ್ನೇ ಲೆಕ್ಕ ಹಾಕುತ್ತದೆ, ಅದೂ ಕನಿಷ್ಠ ಮೂರು ತಾಸಿನ ಗಟ್ಟಿ ನಿದ್ದೆ ಬೇಕು. ಆಪಲ್‌ನಲ್ಲಿ ಸ್ಲೀಪ್ ಮೋಡ್‌ನಲ್ಲಿ ಅಳೆಯಬೇಕೋ ಬೇಡವೋ ಅಂತ ಬೇರೆಯೇ ಸ್ವಿಚ್ ಇದೆ. ಕತ್ತಲಲ್ಲಿ ಕೆಂಪು ಬೆಳಕು ಕಣ್ಣಿಗೆ ಹೊಡೆಯುತ್ತದೆ ಅಂತ ಯಾರೋ ಅದನ್ನು ಆಫ್ ಮಾಡಿರಬಹುದು. ಲೋ ಪವರ್ ಮೋಡ್ ಹಾಕಿದ್ದರೂ ತಾನಾಗಿ ಅಳೆಯುವುದು ನಿಲ್ಲುತ್ತದೆ.

ಅಮೆರಿಕದಿಂದ ನೆಂಟರು ತಂದ ಆಪಲ್ ವಾಚ್ ಆಗಿದ್ದರೆ ಇನ್ನೊಂದು ಗೋಜಲು. ಆಕ್ಸಿಮೀಟರ್ ತಯಾರಿಸುವ ಮಾಸಿಮೊ ಕಂಪನಿಯ ಜೊತೆಗಿನ ಪೇಟೆಂಟ್ ವ್ಯಾಜ್ಯದಿಂದಾಗಿ, 2024ರ ಜನವರಿಯಿಂದ ಅಲ್ಲಿ ಮಾರಿದ ವಾಚ್‌ಗಳಲ್ಲಿ ಈ ಸೌಲಭ್ಯ ತೆಗೆದಿದ್ದರು. 2025ರ ಆಗಸ್ಟ್‌ನಲ್ಲಿ ಬೇರೆ ರೂಪದಲ್ಲಿ ವಾಪಸ್ ಕೊಟ್ಟರು. ಆ ರೂಪದಲ್ಲಿ ಲೆಕ್ಕ ನಡೆಯುವುದು ಐಫೋನ್‌ನಲ್ಲಿ. ಫಲಿತಾಂಶ ವಾಚ್ ಮೇಲೆ ಬರುವುದಿಲ್ಲ, ಫೋನಿನ ಹೆಲ್ತ್ ಆಪ್‌ನಲ್ಲಿ ಹುಡುಕಬೇಕು. ಇಲ್ಲಿ ಕೊಂಡ ವಾಚ್‌ಗೆ ಈ ತಾಪತ್ರಯ ಇಲ್ಲ.

ವಾಚ್ ಅಳೆದಿದ್ದರೂ ನಿಮಗೆ ಕಾಣದಿರುವುದೂ ಉಂಟು. ವಾಚ್‌ನಿಂದ ಅಪ್ಪಯ್ಯನ ಫೋನಿಗೆ ಬ್ಲೂಟೂತ್ ಸಾಕು. ಆದರೆ ಅಲ್ಲಿಂದ ಬೆಂಗಳೂರಿಗೆ ಬರಲು ಇಂಟರ್ನೆಟ್ ಬೇಕಲ್ವಾ? ಅಂಗಳದ ಮೂಲೆಗೆ ಹೋದರೆ ಮಾತ್ರ ಸಿಗ್ನಲ್ ಸಿಗುವ ಮನೆಯಾದರೆ ಡೇಟಾ ತಡವಾಗಿ ಬರುತ್ತದೆ. ಆಂಡ್ರಾಯ್ಡ್ ಫೋನ್‌ಗಳು ಬ್ಯಾಟರಿ ಉಳಿಸಲು ಹಿಂದೆ ಓಡುವ ಆಪ್‌ಗಳನ್ನು ಮುಚ್ಚಿಬಿಡುತ್ತವೆ. ವಾಚ್ ಆಪ್‌ಗೆ ಆ ನಿರ್ಬಂಧ ತೆಗೆಯಿರಿ.

ಶಿರಸಿ ಘಟ್ಟದ ಮೇಲಿದೆ, ಅದಕ್ಕೇ ಇರಬಹುದಾ ಅಂತ ಕೆಲವರು ಕೇಳುತ್ತಾರೆ. ಇಲ್ಲ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಗಾಳಿಯ ಒತ್ತಡ ಕಾರವಾರಕ್ಕಿಂತ ಶೇ. 7ರಷ್ಟು ಕಮ್ಮಿ, ಅಷ್ಟೇ. ಆರೋಗ್ಯವಂತರ ಆಕ್ಸಿಜನ್‌ನಲ್ಲಿ ಅದು ಎದ್ದು ಕಾಣುವುದಿಲ್ಲ. 3,500 ಮೀಟರ್ ಎತ್ತರದ ಲೇಹ್‌ಗೆ ಹೋದರೆ ಮಾತು ಬೇರೆ.

ಆದರೆ ಆಸ್ತಮಾ ಇರುವವರಿಗೆ ವಾಚ್ ಒಂದನ್ನೇ ನಂಬಬೇಡಿ. ಮನೆಯಲ್ಲಿ ಬೆರಳಿನ ಆಕ್ಸಿಮೀಟರ್ ಇರಲಿ. ಐದು ನಿಮಿಷ ಕೂತು, ಕೈ ಬೆಚ್ಚಗೆ ಮಾಡಿಕೊಂಡು, ಅಂಕಿ ನಿಂತ ಮೇಲೆ ಓದಬೇಕು. 95ರಿಂದ 100 ಸಾಮಾನ್ಯ. ಪದೇ ಪದೇ 94ಕ್ಕಿಂತ ಕಮ್ಮಿ ಬಂದರೆ ಡಾಕ್ಟರಿಗೆ ತೋರಿಸಿ. ಆಕ್ಸಿಮೀಟರೂ ತಪ್ಪುತ್ತದೆ ಅನ್ನುವುದು ನೆನಪಿರಲಿ. ಬಿಳಿಯರಿಗಿಂತ ಕಪ್ಪು ಚರ್ಮದ ರೋಗಿಗಳಲ್ಲಿ ಇಳಿದ ಆಕ್ಸಿಜನ್ ಅದರ ಕಣ್ಣು ತಪ್ಪಿಸಿದ್ದು ಸುಮಾರು ಮೂರು ಪಟ್ಟು ಹೆಚ್ಚು ಅಂತ 2020ರಲ್ಲಿ ಬಂದ ಅಮೆರಿಕದ ಅಧ್ಯಯನ ತೋರಿಸಿತ್ತು. ಹಾಗಾಗಿ ಮಾತು ಮುಗಿಸಲಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ಮಂಪರು ಕಂಡರೆ ಅಂಕಿ ಎಷ್ಟೇ ಇರಲಿ, 108ಕ್ಕೆ ಫೋನ್ ಮಾಡಲು ಹೇಳಿ. ನಮ್ಮ ಜಿಲ್ಲೆಯಲ್ಲಿ ಕೇಸ್ ಗಂಭೀರವಾದರೆ ಹುಬ್ಬಳ್ಳಿಗೋ ಮಂಗಳೂರಿಗೋ ಓಡಬೇಕು. ನೋಡೋಣ ಅಂತ ಕಾಯುವ ಹೊತ್ತು ಅದಲ್ಲ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತು ಮತ್ತೆ ಎಳೆದುಕೊಳ್ಳುವುದು ಇದೆಯಾ ಅಂತ ಆಯಿಯನ್ನು (ನಿಮ್ಮ ಅಮ್ಮನನ್ನು) ಕೇಳಿ ತಿಳಿದುಕೊಳ್ಳಿ, ಇದ್ದರೆ ಡಾಕ್ಟರಿಗೂ ಹೇಳಿ.

ಇಷ್ಟೆಲ್ಲ ಮಾಡಿಯೂ ಖಾಲಿ ಹೋಗದಿದ್ದರೆ ಎರಡು ರಾತ್ರಿ ಅದೇ ವಾಚ್ ಆಯಿ ಕಟ್ಟಿಕೊಳ್ಳಲಿ. ದಿನಾಂಕ ಬರೆದಿಡಿ, ಆಮೇಲೆ ಅಪ್ಪಯ್ಯನ ಲೆಕ್ಕದಲ್ಲಿ ಗೊಂದಲ ಆಗಬಾರದು. ಆಯಿಯ ಗ್ರಾಫ್ ತುಂಬಿ ಬಂದರೆ ವಾಚ್ ಸರಿ ಇದೆ, ಅಪ್ಪಯ್ಯ ಕಟ್ಟುವ ರೀತಿಯನ್ನೋ ಮಲಗುವ ರೀತಿಯನ್ನೋ ಇನ್ನೊಮ್ಮೆ ನೋಡಬೇಕು. ಇಬ್ಬರದ್ದೂ ಖಾಲಿ ಬಂದರೆ ಡೇಟಾ ಸಿಂಕ್ ಮಾಡಿ, ವಾಚ್ ರೀಸೆಟ್ ಮಾಡಿ ನೋಡಿ. ಅದಕ್ಕೂ ಬಗ್ಗದಿದ್ದರೆ ಬಿಲ್ ಹುಡುಕಿ ಸರ್ವಿಸ್ ಸೆಂಟರಿಗೆ ಕೊಡಿ. ವಾರಂಟಿ ಸಾಮಾನ್ಯವಾಗಿ ಒಂದು ವರ್ಷ ಇರುತ್ತದೆ.